ನೇಕಾರರ ಮುಂಗಡವೋ, ಹೋಮದ ಖರ್ಚೋ?

ಪ್ರಶ್ನೆ: ನನ್ನ ತವರು ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆ. ಈಗ ಬೆಂಗಳೂರಿನಲ್ಲಿದ್ದೇವೆ. ಊರಿನ ಮಗ್ಗದವರಿಂದ ರೇಷ್ಮೆ ಸೀರೆ ನೇರವಾಗಿ ತಂದು ಮನೆಯ ಮುಂದಿನ ಕೋಣೆಯಲ್ಲೇ ಮಾರೋಣವೆಂದು 2 ಲಕ್ಷ ಕೂಡಿಟ್ಟಿದ್ದೇನೆ. ನನ್ನದು ಮೇಷ ರಾಶಿ. ಸಾಡೇಸಾತಿ ನಡೆಯುತ್ತಿದೆ, ಗಣಹೋಮ, ನವಗ್ರಹ ಹೋಮ, ಲಕ್ಷ್ಮೀ ಕುಬೇರ ಹೋಮ ಮೂರನ್ನೂ ಮಾಡಿಸದೆ ಕೈಹಾಕಬೇಡ ಎನ್ನುತ್ತಾರೆ ಅತ್ತೆಯವರು. ಖರ್ಚು 60 ಸಾವಿರ ದಾಟುತ್ತದೆ. ಅಷ್ಟು ಕೊಟ್ಟರೆ ನೇಕಾರರಿಗೆ ಒಪ್ಪಿಕೊಂಡ ಮುಂಗಡ ಕೊಡಲಾಗುವುದಿಲ್ಲ. ಮೇಲಾಗಿ ಈಗ ಆಷಾಢ. ಏನು ಮಾಡಲಿ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಮೊದಲು ಮುಂಗಡ ಕೊಡಿ ತಾಯಿ. ಉಳಿದದ್ದರಲ್ಲಿ ಪೂಜೆ.

ಇದು ಲೌಕಿಕದ ಮಾತು, ಶಾಸ್ತ್ರದ್ದಲ್ಲ ಎಂದುಕೊಳ್ಳಬೇಡಿ. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ನೀರು, ಮಣ್ಣು ಮುಂತಾದ ಶುದ್ಧಿಗಳ ವಿಚಾರ ಬರುತ್ತದೆ. ಅಲ್ಲಿ ಎಲ್ಲಕ್ಕಿಂತ ಮೇಲಿನದು ಎಂದು ಹೇಳಿರುವುದು ಅರ್ಥಶೌಚವನ್ನು, ಅಂದರೆ ಹಣದ ವಿಷಯದಲ್ಲಿ ಶುದ್ಧವಾಗಿರುವುದನ್ನು. ಹೋಮದಲ್ಲಿ ಒಂದೊಂದು ಆಹುತಿ ಕೊಟ್ಟಾಗಲೂ ‘ನ ಮಮ’, ನನ್ನದಲ್ಲ, ಎನ್ನುತ್ತೇವೆ. ನನ್ನದಾಗಿದ್ದುದನ್ನು ಬಿಟ್ಟರೆ ತಾನೇ ಆ ಮಾತಿಗೆ ಬೆಲೆ? ಇನ್ನೊಬ್ಬರಿಗೆ ಸೇರಬೇಕಾದ ದುಡ್ಡಿನಲ್ಲಿ ತುಪ್ಪ ತಂದು, ಅಗ್ನಿಗೆ ಹಾಕಿ ‘ನನ್ನದಲ್ಲ’ ಎಂದರೆ, ಇದ್ದ ಸಂಗತಿಯನ್ನು ಹೇಳಿದಂತಾಯಿತೇ ಹೊರತು ತ್ಯಾಗವಾಗಲಿಲ್ಲ.

ಮಗ್ಗದ ಊರಿನಲ್ಲಿ ಹುಟ್ಟಿದ ನಿಮಗೆ ಮುಂಗಡವೆಂದರೇನು ಎಂದು ನಾನು ಹೇಳಬೇಕಾಗಿಲ್ಲ. ಲಾಳಿ ಒಂದು ಸಲ ಓಡುವುದಕ್ಕೂ ಮೊದಲೇ ರೇಷ್ಮೆ ನೂಲಿಗೆ, ಬಣ್ಣಕ್ಕೆ, ಜರಿಗೆ, ಹಾಸು ಹೂಡುವುದಕ್ಕೆ ಖರ್ಚಾಗಿರುತ್ತದೆ. ನಿಮ್ಮ ಮಾತು ನಂಬಿ ಅವರು ನೂಲಿನ ವ್ಯಾಪಾರಿಯ ಹತ್ತಿರ ಸಾಲ ಹೇಳಿ ಬಂದಿದ್ದರೆ? ಆ ಮನೆಯ ಹೆಣ್ಣುಮಗಳ ನಿಟ್ಟುಸಿರನ್ನು ಯಾವ ಕುಬೇರ ಹೋಮ ಕಳೆಯುತ್ತದೆ?

ಇನ್ನು ಶನಿಯ ವಿಚಾರ. 2025ರ ಮಾರ್ಚ್ 29ರಂದು ಶನಿ ಮೀನಕ್ಕೆ ಬಂದಾಗ ಮೇಷದವರಿಗೆ ಏಳರಾಟ ಶುರುವಾಯಿತು. ಅವನು ಮೀನ, ಮೇಷ, ವೃಷಭ ಮೂರನ್ನೂ ದಾಟಬೇಕು, ಏಳೂವರೆ ವರ್ಷ. ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕೆಂದು ಯಾರೂ ಹೇಳಿಲ್ಲ. ಹನ್ನೆರಡನೆಯ ಮನೆ ವ್ಯಯಸ್ಥಾನ. ಹಾಗಾಗಿ ಕೈಮೀರಿ ಖರ್ಚು ಮಾಡಬೇಡಿ, ಬಡ್ಡಿಗೆ ತಂದು ಆಡಂಬರ ಮಾಡಬೇಡಿ. ಮೂರು ಹೋಮದ ಖರ್ಚಿಗೂ ಇದೇ ಮಾತು ಸಲ್ಲುತ್ತದೆ, ಅಲ್ಲವೇ? ಜ್ಯೋತಿಷ್ಯದಲ್ಲಿ ಶನಿ ದುಡಿಯುವವರ ಕಾರಕ. ದುಡಿದವರ ಕೂಲಿ ಹಿಡಿದಿಟ್ಟು ಅವನಿಗೆ ಶಾಂತಿ ಮಾಡಿಸುವುದು ನನಗಂತೂ ವಿಚಿತ್ರವಾಗಿ ಕಾಣುತ್ತದೆ. ಆಂಧ್ರದ ಕಡೆಯಿಂದಲೂ ಜನ ಹುಡುಕಿಕೊಂಡು ಬರುವ ಶನಿಮಹಾತ್ಮ ನಿಮ್ಮ ಪಾವಗಡದಲ್ಲೇ ಇದ್ದಾನೆ. ಮುಂಗಡ ಕೊಡಲು ಊರಿಗೆ ಹೋಗುವುದನ್ನು ಒಂದು ಶನಿವಾರಕ್ಕೆ ಇಟ್ಟುಕೊಳ್ಳಿ. ದಾರಿಯಲ್ಲಿ ಅಲ್ಲಿ ಇಳಿದು ಎಳ್ಳೆಣ್ಣೆ ದೀಪ ಹಚ್ಚಿ ನಮಸ್ಕಾರ ಮಾಡಿ. ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಅವರ ಭಯ ನಿಮ್ಮ ಮೇಲಿನ ಅಕ್ಕರೆಯಿಂದಲೇ ಬಂದದ್ದು, ವಾದ ಮಾಡಿ ಗೆಲ್ಲಲು ಹೋಗಬೇಡಿ.

ಆಷಾಢದಲ್ಲಿ ಅಂಗಡಿ ತೆರೆಯುವುದು ಬೇಡ, ಸರಿ. ಆದರೆ ಸಿದ್ಧತೆಗೆ ಅಡ್ಡಿಯಿಲ್ಲ. ಮಗ್ಗದವರಿಗೆ ಹೇಳುವುದು, ಕೋಣೆಗೆ ಸುಣ್ಣ, ಕಪಾಟು, ಬ್ಯಾಂಕ್ ಖಾತೆ, ಉದ್ಯಮ್ ನೋಂದಣಿ (ಅದಕ್ಕೆ ಶುಲ್ಕವಿಲ್ಲ, ಕೇಳಿದವರಿಗೆ ದುಡ್ಡು ಕೊಡಬೇಡಿ) ಇವೆಲ್ಲ ಈಗಲೇ ಆಗಲಿ. ಶ್ರಾವಣದ ಮೊದಲ ಶುಕ್ರವಾರ ತೆರೆಯಿರಿ. ವರಮಹಾಲಕ್ಷ್ಮಿಯ ದಿನಕ್ಕೇ ಇಟ್ಟುಕೊಳ್ಳೋಣ ಅನ್ನಿಸಬಹುದು. ಆದರೆ ಸೀರೆ ಕೊಳ್ಳುವವರು ಹಬ್ಬಕ್ಕೆ ಮುಂಚೆ ಬರುತ್ತಾರೆ, ಹಬ್ಬದ ದಿನ ಅವರವರ ಮನೆಯ ಕಲಶದ ಮುಂದೆ ಇರುತ್ತಾರೆ.

ಪೂಜೆ ಹೀಗೆ ಮಾಡಿ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ, ಅದಕ್ಕೂ ಮೊದಲೇ ಮುಗಿಯಲಿ. ಹೊಸ್ತಿಲಿಗೆ ಅರಿಸಿನ ಕುಂಕುಮ, ಬಾಗಿಲಿಗೆ ಮಾವಿನ ತೋರಣ. ವೀಳ್ಯದೆಲೆಯ ಮೇಲೆ ಅಕ್ಕಿ ಹಾಕಿ ಅರಿಸಿನದ ಗಣಪನನ್ನು ಕೂರಿಸಿ, 21 ಗರಿಕೆ, ಬೆಲ್ಲ ಸಾಕು. ಸಂಕಲ್ಪದಲ್ಲಿ ಗೋತ್ರ, ಹೆಸರು ಹೇಳಿದ ಮೇಲೆ ಯಾವ ವ್ಯಾಪಾರ, ಯಾರ ಕೈಯ ಕೆಲಸ ಎಂಬುದನ್ನು ಬಾಯಿಬಿಟ್ಟು ಕನ್ನಡದಲ್ಲೇ ಹೇಳಿ. ಕುಲದೇವರ ಹೆಸರಿನಲ್ಲಿ ಒಂದು ಕಾಯಿ, ಕಾಣಿಕೆ ತೆಗೆದಿಡಿ. ನೀವು ದೇವಾಂಗದವರಾದರೆ ಚೌಡೇಶ್ವರಿಗೆ. ಆಮೇಲೆ ಲಕ್ಷ್ಮೀಪೂಜೆ. ಹೊಸ ಲೆಕ್ಕದ ಪುಸ್ತಕದ ಮೊದಲ ಹಾಳೆಯಲ್ಲಿ ‘ಶ್ರೀ’ ಬರೆದು, ಅದರ ಕೆಳಗೆ ನೇಕಾರರಿಗೆ ಕೊಟ್ಟ ಮುಂಗಡವನ್ನೇ ಮೊದಲ ಲೆಕ್ಕವಾಗಿ ಬರೆಯಿರಿ. ಪುರೋಹಿತರನ್ನು ಕರೆಯಬೇಕೆನಿಸಿದರೆ ಒಂದು ಗಣಹೋಮ ಮಾಡಿಸಬಹುದು. ಉಳಿದೆರಡು ಹೋಮ ಲಾಭ ಬಂದ ವರ್ಷ ನೋಡೋಣ.

ನೀವು ಕೇಳದ ಒಂದು ಮಾತನ್ನೂ ಸೇರಿಸುತ್ತೇನೆ. ಹೆಚ್ಚು ಬೆಲೆ ಸಿಗುತ್ತದೆಂದು ಹೊಸಕೋಟೆಯ ಸೀರೆಗೆ ಬೇರೆ ಊರಿನ ಹೆಸರು ಹೇಳಿ ಮಾರಬೇಡಿ. ಸಿಲ್ಕ್ ಮಾರ್ಕ್ ಚೀಟಿ ರೇಷ್ಮೆಗೆ ಮಾತ್ರ ಸಾಕ್ಷಿ, ಜರಿಗಲ್ಲ. ಜರಿ ಎಂಥದ್ದೆಂದು ಕೇಳದಿದ್ದರೂ ಹೇಳಿ.

ಬೋಣಿ ಅತ್ತೆಯವರ ಕೈಯಿಂದಲೇ ಆಗಲಿ. ಬೋಣಿಗೆ ಸಾಲ ಕೂಡದು, ದುಡ್ಡು ಕೊಟ್ಟೇ ಕೊಳ್ಳಲಿ.