ಬೇಡುವವನ ಲೆಕ್ಕ

ಕೊಡುವವನ ಧರ್ಮದ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಮಾತಿದೆ. ಕರ್ಣ, ಬಲಿ, ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆ, ಇವರದೆಲ್ಲ ಕೊಟ್ಟವರ ಕಥೆ. ಬೇಡಿದವನ ಧರ್ಮವೇನು ಎಂದು ಕೇಳಿದರೆ ಮಾತ್ರ ನಾವು ತಡವರಿಸುತ್ತೇವೆ. ಕರ್ಣನ ಕವಚ ಬೇಡಲು ಬಂದ ಇಂದ್ರ ಬ್ರಾಹ್ಮಣನ ವೇಷ ತೊಟ್ಟಿದ್ದ. ಬಲಿಯ ಮುಂದೆ ನಿಂತ ವಿಷ್ಣು ವಾಮನನಾಗಿದ್ದ. ನಮ್ಮ ಪುರಾಣಗಳ ಹೆಸರಾಂತ ಯಾಚಕರಿಬ್ಬರೂ ನಿಜರೂಪದಲ್ಲಿ ಬಂದವರಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಈ ಹಳೆಯ ಕಥೆಗಳು ಈಗ ನೆನಪಾಗಲು ಕಾರಣವಿದೆ. ಸಂಘದ ಭಾನುವಾರದ ಕನ್ನಡ ತರಗತಿಗೂ ಪುಸ್ತಕದ ಬೀರುಗಳಿಗೂ ಒಂದು ಬಾಡಿಗೆ ಕೋಣೆ ಬೇಕಾಗಿದೆ. ಟಾಲಿಗಂಜಿನಲ್ಲಿ ಸದಸ್ಯರೊಬ್ಬರ ಮನೆಯ ವರಾಂಡದಲ್ಲಿ 14 ಮಕ್ಕಳನ್ನು ಇನ್ನೆಷ್ಟು ದಿನ ಕೂರಿಸುವುದು? ಮಳೆಗಾಲದಲ್ಲಿ ಕಾಗುಣಿತಕ್ಕಿಂತ ಕೊಡೆಗಳದೇ ಗಲಾಟೆ. ಇಲ್ಲಿನ ಒಂದು ಮನೆತನದ ಧರ್ಮಪ್ರತಿಷ್ಠಾನ ಸಣ್ಣ ಸಂಸ್ಥೆಗಳಿಗೆ ಸಹಾಯಧನ ಕೊಡುತ್ತದೆಂದು ತಿಳಿದು ಕಾರ್ಯಕಾರಿ ಸಮಿತಿಯವರು ಅರ್ಜಿಯ ನಮೂನೆ ತರಿಸಿದರು. ಆ ದಿನದಿಂದ ಸಂಘದಲ್ಲಿ ಎರಡು ಪಕ್ಷ.

ಮೊದಲನೆಯದು ಹಿರಿಯರ ಪಕ್ಷ. ದುಡಿದು ತಿನ್ನುವ ನಾವು ಪರರ ಮುಂದೆ ಕೈಯೊಡ್ಡಬೇಕೆ ಎಂದು ಅವರ ಪ್ರಶ್ನೆ. ಅಭಿಮಾನದ ಈ ಮಾತಿಗೆ ಗೌರವ ಸಲ್ಲಬೇಕು. ಆದರೆ ಕೈಯೊಡ್ಡಿದವರೆಲ್ಲ ಕುಗ್ಗಿದವರಲ್ಲ. ಟಾಲಿಗಂಜಿನಲ್ಲಿ ನಮಗಿಂತ ಮೊದಲು ಬಂದು ನೆಲೆಸಿದ ಮೈಸೂರು ಸೀಮೆಯವರು ಯಾರೆಂದು ನೋಡಿ. 1806ರ ವೆಲ್ಲೂರು ದಂಗೆಯ ಬಳಿಕ ಟಿಪ್ಪು ಸುಲ್ತಾನನ ಮಕ್ಕಳನ್ನು ಕಂಪನಿಯವರು ಸಾಗಿಸಿದ್ದು ಇಲ್ಲಿಗೇ. ಅವರಲ್ಲಿ ಕಿರಿಯನಾದ ಗುಲಾಮ್ ಮಹಮ್ಮದ್, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಎಳೆಯ ಮಗು. ಆತನಿಗೆ ಬರಬೇಕಾಗಿದ್ದ ಪಿಂಚಣಿಯ ಬಾಕಿ ಮಂಜೂರಾದದ್ದು 1840ರಲ್ಲಿ. ಆ ಕೃತಜ್ಞತೆಗಾಗಿ ಆತ 1842ರಲ್ಲಿ ಧರ್ಮತಲಾದಲ್ಲಿ ಮಸೀದಿ ಕಟ್ಟಿಸಿದ. ಬಾಕಿ ಬಂದ ಸಂಗತಿಯನ್ನು ಅದರ ಕಲ್ಲಿನ ಮೇಲೆಯೇ ಕೆತ್ತಿಸಿದ. ಅಂಥದೇ ಇನ್ನೊಂದು ಮಸೀದಿ ನಮ್ಮ ಟಾಲಿಗಂಜಿನಲ್ಲಿದೆ. ಆತನ ಹೆಸರಿನ ವಕ್ಫ್ ಆಸ್ತಿ ಇಂದಿಗೂ ಉಂಟು. ಅಪ್ಪನ ರಾಜ್ಯ ಕಿತ್ತುಕೊಂಡವರಿಂದ ಹಣ ಪಡೆದವನು ಅದನ್ನು ಬಚ್ಚಿಡದೆ ಕಲ್ಲಿನಲ್ಲಿ ಬರೆಸಿದನಲ್ಲ, ಆ ಕಲ್ಲಿನ ಮುಂದೆ ನಿಂತಾಗ ನಮಗೆ ಅವನ ಮೇಲೆ ಕನಿಕರಕ್ಕಿಂತ ಗೌರವವೇ ಹೆಚ್ಚು ಬರುತ್ತದೆ. ಪಡೆದುದನ್ನು ಪಡೆದೆನೆಂದು ಹೇಳಿದವನು ಅವನು. ಅದನ್ನೇ ಧರ್ಮಕ್ಕೆ ಬಿಟ್ಟವನೂ ಅವನೇ.

ಆದ್ದರಿಂದ ಬೇಡುವುದರಲ್ಲಿ ನಮಗೆ ದೋಷ ಕಾಣುವುದಿಲ್ಲ. ನಮ್ಮ ತಕರಾರು ಇರುವುದು ಎರಡನೆಯ ಪಕ್ಷದೊಡನೆ. ಅರ್ಜಿ ಹಾಕಲೇಬೇಕು, ಆದರೆ "ಜಾಣತನದಿಂದ" ಹಾಕಬೇಕು ಎನ್ನುವವರು ಇವರು.

ನಮೂನೆಯಲ್ಲಿ ಏನಿದೆ ಎಂದರೆ, ಸಂಘದ ನೋಂದಣಿ ಸಂಖ್ಯೆ (ಪಶ್ಚಿಮ ಬಂಗಾಳದ 1961ರ ಕಾಯಿದೆಯ ಪ್ರಕಾರ), ಮೂರು ವರ್ಷಗಳ ಲೆಕ್ಕಪರಿಶೋಧಿತ ಜಮಾಖರ್ಚು, ಆದಾಯ ತೆರಿಗೆಯವರ ಪತ್ರಗಳು. ಇವುಗಳಿಗೆ ಯಾರ ಆಕ್ಷೇಪವೂ ಇಲ್ಲ. ದಾನ ಕೊಟ್ಟ ಆಕಳ ಹಲ್ಲು ಎಣಿಸಬಾರದೆಂದು ನಮ್ಮ ಕಡೆ ಗಾದೆ. ಈಗ ಕೊಡುವವನೇ ಬೇಡುವವನ ಹಲ್ಲು ಎಣಿಸುತ್ತಾನೆ. ಎಣಿಸಲಿ, ಹಣ ಅವನದು, ಮೋಸ ಹೋದ ಅನುಭವವೂ ಅವನಿಗಿದ್ದೀತು. ತೊಡಕು ಬಂದದ್ದು ಮುಂದಿನ ಎರಡು ಅಂಕಣಗಳಲ್ಲಿ. ಒಂದು "ಉದ್ದೇಶ": ಬಡ ಮಕ್ಕಳ ಸಾಕ್ಷರತೆ, ಆರೋಗ್ಯ, ಮಹಿಳೆಯರ ದುಡಿಮೆ, ಇವುಗಳಲ್ಲಿ ಒಂದಕ್ಕೆ ಗುರುತು ಹಾಕಬೇಕು. ಇನ್ನೊಂದು "ಫಲಾನುಭವಿಗಳ ಸಂಖ್ಯೆ".

ಸಾಕ್ಷರತೆಗೆ ಗುರುತು ಹಾಕಿ, 14ರ ಜಾಗದಲ್ಲಿ 60 ಬರೆಯಿರಿ ಎಂದರು ಗೆಳೆಯರೊಬ್ಬರು. ಮಕ್ಕಳಿಗೆ ಕನ್ನಡ ಅಕ್ಷರ ಬಾರದು, ಆದ್ದರಿಂದ ಅವರು ನಿರಕ್ಷರಿಗಳು ಹೌದೋ ಅಲ್ಲವೋ ಎಂದು ವಾದ! ಬಂಗಾಳಿ, ಹಿಂದಿ, ಇಂಗ್ಲಿಷು ಮೂರನ್ನೂ ಗಳಗಳನೆ ಓದುವ ನಮ್ಮ ಮಕ್ಕಳನ್ನು ನಿರಕ್ಷರಿಗಳೆಂದು ಕರೆದರೆ ಅವರೇ ನಕ್ಕಾರು. "ಎಲ್ಲರೂ ಹೀಗೇ ಬರೆಯುತ್ತಾರೆ ಸ್ವಾಮಿ, ಓದುವವರಿಗೂ ಅದು ಗೊತ್ತು. ಕೋಟ್ಯಧೀಶರಿಗೆ ಇದರಿಂದ ಏನು ನಷ್ಟ?" ಎಂದರು.

ಕೋಟ್ಯಧೀಶರಿಗೆ ನಷ್ಟವಿಲ್ಲ, ನಿಜ. 20 ವರ್ಷಗಳಿಂದ ಕೇಂದ್ರ ಸರ್ಕಾರದ ಕಛೇರಿಯಲ್ಲಿ ಅರ್ಜಿಗಳ ಕಟ್ಟು ಬಿಚ್ಚಿ ಕಟ್ಟುತ್ತಿರುವ ಗುಮಾಸ್ತೆಯಾಗಿ ನಾವು ಕಂಡದ್ದು ಬೇರೆ. ಅರ್ಜಿ ಎಂದೂ ಒಂಟಿಯಾಗಿ ಬರುವುದಿಲ್ಲ, ಅದರ ಮೇಲೊಂದು ಕೆಳಗೊಂದು ಇರುತ್ತದೆ. ಹಂಚಲು ಇಟ್ಟ ಹಣ ಇಷ್ಟೇ ಎಂದು ಗೊತ್ತಾದ ಮೇಲೆ ಒಬ್ಬನ 60 ಇನ್ನೊಬ್ಬನ 40ನ್ನು ಕೆಳಕ್ಕೆ ತಳ್ಳುತ್ತದೆ. ಆದಿಗಂಗೆಯ ನಾಲೆಯ ದಂಡೆಯ ಜೋಪಡಿಗಳಲ್ಲಿ ಯಾರೋ ಒಬ್ಬರು ನಿಜವಾಗಿಯೂ ಅಕ್ಷರ ಬಾರದ 40 ಮಕ್ಕಳಿಗೆ ಸಂಜೆ ಪಾಠ ಹೇಳುತ್ತ, ಇದೇ ನಮೂನೆಯನ್ನು ತುಂಬುತ್ತಿದ್ದಾರೆಂದು ಇಟ್ಟುಕೊಳ್ಳಿ. ನಮ್ಮ ಸುಳ್ಳು ಹೋಗಿ ತಟ್ಟುವುದು ಅವರಿಗೆ. ಅವರು ನಮಗೆ ಕಾಣುವುದಿಲ್ಲ, ಅವರಿಗೂ ನಾವು ಕಾಣುವುದಿಲ್ಲ. ದಾನಿಗೆ ಸುಳ್ಳು ಹೇಳಿದೆವೆಂದು ನಾವು ಮರುಗುವುದೋ ಮರುಗದಿರುವುದೋ ಆಮೇಲಿನ ಮಾತು. ವಂಚನೆಗೊಳಗಾಗುವವರು ದಾನಿಯಲ್ಲ, ಸಾಲಿನಲ್ಲಿ ನಮ್ಮ ಹಿಂದೆ ನಿಂತವರು.

ಇನ್ನೂ ಒಂದಿದೆ. 60 ಎಂದು ಬರೆದು ಹಣ ಬಂದರೆ ಮುಂದಿನ ವರ್ಷ 60 ಮಕ್ಕಳನ್ನು ತೋರಿಸಬೇಕು. ಅಷ್ಟು ಕನ್ನಡ ಮಕ್ಕಳು ಈ ಭಾಗದಲ್ಲಿ ಎಲ್ಲಿದ್ದಾರೆ? ಆಗ ಪಾಠ ಹೇಳುವ ತಾಯಂದಿರು ಪಾಠ ಬಿಟ್ಟು ಹಾಜರಿ ಪುಸ್ತಕ ತುಂಬುತ್ತ ಕೂರಬೇಕಾದೀತು.

ಹಾಗಾದರೆ ನಮೂನೆಗೆ ಹೊಂದದ ಸಣ್ಣ ಕೆಲಸಕ್ಕೆ ದಾರಿಯೇ ಇಲ್ಲವೆ? ವಿಜ್ಞಾನ ಓದಿದವರಾಗಿ ನಮಗೆ ಸರ್ ಸಿ. ವಿ. ರಾಮನ್ನರ ನೆನಪಾಗುತ್ತದೆ. ಅವರೂ ಕಲ್ಕತ್ತೆಗೆ ಬಂದದ್ದು ನಮ್ಮಂತೆ ಸರ್ಕಾರಿ ನೌಕರಿಗೆ, 1907ರಲ್ಲಿ, ಹಣಕಾಸು ಇಲಾಖೆಗೆ. (ಅವರದು ಅಧಿಕಾರಿಯ ಹುದ್ದೆ ಎಂಬುದನ್ನು ನಮ್ಮ ಮನೆಯವರು ಆಗಾಗ ನೆನಪಿಸುತ್ತಾರೆ.) ಕಛೇರಿ ಮುಗಿಸಿ ಅವರು ಸಂಶೋಧನೆ ನಡೆಸುತ್ತಿದ್ದುದು ಡಾ. ಮಹೇಂದ್ರಲಾಲ್ ಸರ್ಕಾರ್ ಜನರಲ್ಲಿ ಬೇಡಿ ಬೇಡಿ 1876ರಲ್ಲಿ ಸ್ಥಾಪಿಸಿದ ಸಂಸ್ಥೆಯಲ್ಲಿ. ಆ ಸಂಸ್ಥೆ ಈಗ ನಮ್ಮ ಪಕ್ಕದ ಜಾದವಪುರದಲ್ಲಿದೆ. 1912ರಲ್ಲಿ ಬ್ಯಾರಿಸ್ಟರ್ ತಾರಕನಾಥ ಪಾಲಿತರು ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ತಮ್ಮ ಆಸ್ತಿ ಕೊಟ್ಟು ಭೌತಶಾಸ್ತ್ರದ ಪೀಠವೊಂದನ್ನು ಏರ್ಪಡಿಸಿದರು. ಪೀಠಕ್ಕೆ ಬರುವವರು ಭಾರತೀಯರೇ ಆಗಿರಬೇಕೆಂಬುದು ಅವರ ಷರತ್ತು. ವಿದೇಶದಲ್ಲಿ ತರಬೇತಿ ಪಡೆಯಬೇಕೆಂಬ ಇನ್ನೊಂದು ಷರತ್ತೂ ಇತ್ತು. ರಾಮನ್ನರು ವಿದೇಶಕ್ಕೆ ಹೋದವರಲ್ಲ, ಅದಕ್ಕಾಗಿ ಹೋಗಲು ಒಪ್ಪಲೂ ಇಲ್ಲ. ಹೋಗಿ ಬಂದಂತೆ ತೋರಿಸಿಕೊಳ್ಳಲೂ ಇಲ್ಲ. ಅವರಿಗಾಗಿ ಆ ಷರತ್ತನ್ನೇ ಸಡಿಲಿಸಲಾಯಿತು. ಹೆಚ್ಚು ಸಂಬಳದ ನೌಕರಿ ಬಿಟ್ಟು 1917ರಲ್ಲಿ ಅವರು ಪಾಲಿತ್ ಪ್ರಾಧ್ಯಾಪಕರಾದರು. 1930ರ ನೊಬೆಲ್ ಪಾರಿತೋಷಕ ಬರುವಾಗಲೂ ಅವರು ಇದ್ದದ್ದು ಆ ಪೀಠದಲ್ಲೇ.

ನಮ್ಮ ವರಾಂಡದ ತರಗತಿಯನ್ನು ಅದಕ್ಕೆ ಹೋಲಿಸುತ್ತಿಲ್ಲ, ಓದುಗರು ನಗಬಾರದು. ಹೇಳಬೇಕಾದದ್ದು ಇಷ್ಟೆ: ಷರತ್ತು ನಮಗೆ ಹೊಂದದಿದ್ದರೆ ಹೊಂದುವುದಿಲ್ಲವೆಂದು ತಿಳಿಸಿ ಬೇಡಬಹುದು. ಷರತ್ತು ಹಾಕುವವರೂ ಮನುಷ್ಯರೇ. ಮನೆಮಾತು ಮರೆಯದಿರಲಿ ಎಂದು 14 ಮಕ್ಕಳಿಗೆ ಕೋಣೆ ಕೇಳುವವರೂ ಇದ್ದಾರೆಂಬುದು ಅವರಿಗೆ ಹೊಳೆದೇ ಇರಲಾರದು. ಎಲ್ಲರೂ ವೇಷ ತೊಟ್ಟೇ ಬಂದರೆ ಅವರಿಗೆ ಹೊಳೆಯುವುದಾದರೂ ಹೇಗೆ? ಹಾಗೆ ನೋಡಿದರೆ ಆ ಅಂಕಣಗಳನ್ನು ಇಷ್ಟು ಬಿಗಿಮಾಡಿದವರಲ್ಲಿ ಸುಳ್ಳರ್ಜಿ ಬರೆದವರ ಪಾಲೂ ಇದೆ.

ಇಷ್ಟೆಲ್ಲ ಬರೆದ ನೀವೇ ಅರ್ಜಿಗೆ ಸಹಿ ಹಾಕಬಾರದೇಕೆ ಎಂದು ಕೇಳುವವರಿಗೆ ಒಂದು ಮಾತು. ಕೇಂದ್ರ ನೌಕರರ 1964ರ ನಡತೆ ನಿಯಮಗಳಲ್ಲಿ 12ನೆಯದು, ಮುಂಚಿತವಾಗಿ ಅನುಮತಿ ಪಡೆಯದೆ ಯಾವ ಉದ್ದೇಶಕ್ಕೂ ನಿಧಿ ಕೇಳಬಾರದು, ಸಂಗ್ರಹದಲ್ಲಿ ಸೇರಲೂಬಾರದು ಎನ್ನುತ್ತದೆ. ಮೊದಲು ಇದು ಅತಿಯಾಯಿತೆನ್ನಿಸುತ್ತಿತ್ತು, ಈಗ ಹಾಗೆನ್ನಿಸುವುದಿಲ್ಲ. ಸರ್ಕಾರಿ ಕುರ್ಚಿಯಲ್ಲಿ ಕೂತವನು ಕೇಳಿದರೆ ಎದುರಿನವನಿಗೆ ಇಲ್ಲವೆನ್ನಲು ಧೈರ್ಯ ಸಾಲದು. ಇಲ್ಲವೆನ್ನುವ ಸ್ವಾತಂತ್ರ್ಯ ಉಳಿಸದ ಕೇಳಿಕೆಗೆ ವಸೂಲಿ ಎಂದು ಹೆಸರು. ಆದ್ದರಿಂದ ಕರಡಿಗೂ ಕೈ ಹಾಕದೆ ದೂರ ನಿಂತಿದ್ದೇವೆ. ಅಭಿಪ್ರಾಯ ಹೇಳುವುದಕ್ಕೆ ಅಡ್ಡಿಯಿಲ್ಲವಷ್ಟೆ.

ನಮ್ಮ ಅಭಿಪ್ರಾಯ ಇದು. ಸಂಖ್ಯೆಯ ಅಂಕಣದಲ್ಲಿ 14 ಎಂದೇ ಇರಲಿ. ಉದ್ದೇಶದ ಮೂರು ಚೌಕಗಳನ್ನೂ ಖಾಲಿ ಬಿಟ್ಟು, ಜೊತೆಗೆ ಒಂದು ಪುಟದ ಪತ್ರವಿಟ್ಟು, ನಾವು ಯಾರು, ಈ ಊರಿನಲ್ಲಿ ಎಷ್ಟು ಕಾಲದಿಂದ ಇದ್ದೇವೆ, ಮಕ್ಕಳು ಅಜ್ಜಿಯ ಕಾಗದವನ್ನು ಓದಲಾರದೆ ಅಪ್ಪನ ಕೈಗೆ ಕೊಡುವುದು ಹೇಗಿರುತ್ತದೆ ಎಂಬುದನ್ನು ಬರೆಯಲಿ. ಒಳ್ಳೆಯ ಬಂಗಾಳಿಯಲ್ಲಿ ಬರೆದರೆ ಇನ್ನೂ ಉತ್ತಮ. ಇಲ್ಲವೆಂದು ಉತ್ತರ ಬಂದರೆ ಚಂದಾ ಹೆಚ್ಚಿಸುವ ಮಾತನ್ನು ಹಿರಿಯರ ಪಕ್ಷದವರೇ ಎತ್ತಬೇಕಾದೀತು, ಅಭಿಮಾನಕ್ಕೂ ಒಂದು ಬೆಲೆ ಇದೆಯಲ್ಲ. ಅರ್ಜಿ ಕಳಿಸುವ ಮೊದಲು ಸಮಿತಿ ಇನ್ನೊಮ್ಮೆ ಸೇರಲಿದೆ. 60ರ ಪಕ್ಷದ ಗೆಳೆಯರೂ ಬರುತ್ತಾರೆ. ಅವರ ಉತ್ತರವನ್ನು ಮುಂದಿನ ಸಂಚಿಕೆಯಲ್ಲಿ ಇದೇ ಪುಟದಲ್ಲಿ ಪ್ರಕಟಿಸಬೇಕೆಂದು ಸಂಪಾದಕರನ್ನು ಕೋರಿದ್ದೇವೆ.