ಬಾಡಿಗೆಗೊಂದು ಮನೆ, ಗೃಹಸ್ಥನ ನಾಲ್ಕು ಸುಖ

*ದಿನದ ಧಮ್ಮ ಚಿಂತನೆ*



ನಮ್ಮ ಬಳಗದ ಕಿರಿಯ ಉಪಾಸಕರೊಬ್ಬರು ಕಳೆದ ವಾರ ಕೇಳಿದ ಪ್ರಶ್ನೆ ಇದು: "ಮೇಡಂ, ಕೈಯಲ್ಲಿ ಸ್ವಲ್ಪ ಉಳಿತಾಯ ಇದೆ. ಸಾಲ ಮಾಡಿ ಒಂದು ಸಣ್ಣ ಮನೆ ಕೊಂಡು ಬಾಡಿಗೆಗೆ ಕೊಡೋಣ ಅಂತಿದ್ದೀನಿ. ಇನ್ನೊಬ್ಬರಿಗೆ ಸೂರು ಬೇಕು ಅನ್ನೋದರಿಂದ ನಾವು ದುಡ್ಡು ಮಾಡೋದು ಸಮ್ಯಕ್ ಆಜೀವಕ್ಕೆ ವಿರುದ್ಧ ಅಲ್ಲವಾ?"

ಉಪಾಸಕರು ಮಾಡಬಾರದೆಂದು ಬುದ್ಧರು ಹೇಳಿದ ವ್ಯಾಪಾರಗಳು ಐದು: ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ. ಮನೆ ಬಾಡಿಗೆ ಅದರಲ್ಲಿಲ್ಲ. ಸಿಗಾಲೋವಾದ ಸುತ್ತದಲ್ಲಂತೂ ಗಳಿಕೆಯನ್ನು ನಾಲ್ಕು ಪಾಲು ಮಾಡಿ, ಒಂದನ್ನು ಜೀವನಕ್ಕೆ, ಎರಡನ್ನು ಕಸುಬಿಗೆ, ಒಂದನ್ನು ಆಪತ್ಕಾಲಕ್ಕೆ ಇಡಬೇಕೆಂಬ ಉಪದೇಶವೇ ಇದೆ. ಆದ್ದರಿಂದ ಮನೆ ಕೊಳ್ಳುವುದು ತಪ್ಪಲ್ಲ. ಹೇಗೆ ಕೊಳ್ಳುತ್ತೇವೆ, ಯಾರಿಗೆ ಕೊಡುತ್ತೇವೆ ಎನ್ನುವಲ್ಲಿ ಶೀಲದ ಪ್ರಶ್ನೆ ಬರುತ್ತದೆ.

ಅನಾಥಪಿಂಡಿಕ ನಮಗೆಲ್ಲ ಗೊತ್ತು. ನೆಲಕ್ಕೆ ನಾಣ್ಯ ಹಾಸಿ ಜೇತವನವನ್ನು ಕೊಂಡು ಸಂಘಕ್ಕೆ ಕೊಟ್ಟವನು. ಅಂಗುತ್ತರ ನಿಕಾಯದಲ್ಲಿ ಬುದ್ಧರು ಅವನಿಗೇ ಗೃಹಸ್ಥನ ನಾಲ್ಕು ಸುಖಗಳನ್ನು ಹೇಳುತ್ತಾರೆ: ಅತ್ಥಿ ಸುಖ, ಭೋಗ ಸುಖ, ಅನಣ ಸುಖ, ಅನವಜ್ಜ ಸುಖ. ಮನೆ ಕೊಳ್ಳುವ ಮೊದಲು ಈ ನಾಲ್ಕನ್ನೂ ಪ್ರಶ್ನೆಯಾಗಿ ಕೇಳಿಕೊಳ್ಳಬಹುದು.

*ಅತ್ಥಿ ಸುಖ.* ಧರ್ಮದಿಂದ ದುಡಿದದ್ದು ನನ್ನಲ್ಲಿದೆ ಎಂಬ ಸುಖ. ಸೈಟು ನೋಡುವಾಗ ಎಲ್ಲರೂ ಮೂಲಪತ್ರ, ಇಸಿ, ಖಾತೆ, ಭೂಪರಿವರ್ತನೆ ಕೇಳುತ್ತಾರೆ. ಇನ್ನೊಂದನ್ನೂ ಕೇಳಬೇಕು: ಈ ನೆಲ ಮೊದಲು ಯಾರದ್ದಾಗಿತ್ತು? 1978ರ ಪಿ.ಟಿ.ಸಿ.ಎಲ್. ಕಾಯ್ದೆಯ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಕಾಯ್ದೆ ಮೀರಿ ಕೊಂಡರೆ ಆ ಕ್ರಯ ಅಸಿಂಧು. ಮಂಜೂರಾದವರು ಅಥವಾ ಅವರ ವಾರಸುದಾರರು ಜಮೀನನ್ನು ಮರಳಿ ಕೇಳಬಹುದು, ಅದಕ್ಕೆ ಕಾಲಮಿತಿ ಇಲ್ಲ ಎಂದು 2023ರ ತಿದ್ದುಪಡಿ ಸ್ಪಷ್ಟಪಡಿಸಿತು. ದಲ್ಲಾಳಿಗಳಿಗೆ ಇದು ಬರೀ 'ಲೀಗಲ್ ಪ್ರಾಬ್ಲಂ'. ನಮಗೆ ಇದು ಎರಡನೆಯ ಶೀಲದ ಪ್ರಶ್ನೆ. ಭೂಮಿ ಇಲ್ಲದವರಿಗೆ ಸಿಕ್ಕ ಎರಡು ಎಕರೆ ಮದುವೆಯ ಸಾಲಕ್ಕೋ ಆಸ್ಪತ್ರೆಯ ಖರ್ಚಿಗೋ ಕೈಬಿಟ್ಟು ಹೋಗಿ, ಈಗ ಅಗ್ಗದ ಲೇಔಟಾಗಿದ್ದರೆ, ಆ ಅಗ್ಗದಲ್ಲಿ ನನಗೆ ಪಾಲು ಬೇಡ.

ಹಾಗೆಯೇ 'ಅರ್ಧ ಚೆಕ್ಕು, ಅರ್ಧ ಕ್ಯಾಶು' ವ್ಯವಹಾರ. ಕೊಟ್ಟ ಬೆಲೆ ಒಂದು, ಕ್ರಯಪತ್ರದಲ್ಲಿ ಬರೆಸಿದ್ದು ಇನ್ನೊಂದು. ಎಲ್ಲರೂ ಮಾಡುತ್ತಾರೆ ನಿಜ. ಆದರೂ ಅದು ಸಾಕ್ಷಿಗಳ ಸಮೇತ ಸಹಿ ಹಾಕಿ ಹೇಳಿದ ಸುಳ್ಳು. ದಿನಾ ಬೆಳಿಗ್ಗೆ ನಾಲ್ಕನೆಯ ಶೀಲ ಹೇಳುವ ಬಾಯಿ ನಮ್ಮದು.

*ಭೋಗ ಸುಖ.* ಇದ್ದದ್ದನ್ನು ಅನುಭವಿಸುವ, ಅದರಿಂದ ಪುಣ್ಯಕಾರ್ಯ ಮಾಡುವ ಸುಖ. ಮಕ್ಕಳ ಫೀಸು, ತಂದೆತಾಯಿಯ ಔಷಧಿ, ದಾನ ಎಲ್ಲ ನಿಲ್ಲಿಸಿ ಕಂತು ಕಟ್ಟುವ ಮನೆಯಿಂದ ಈ ಸುಖ ಬರುವುದಿಲ್ಲ.

*ಅನಣ ಸುಖ.* ಯಾರಿಗೂ ಚಿಕ್ಕದಾಗಲಿ ದೊಡ್ಡದಾಗಲಿ ಸಾಲ ಇಲ್ಲ ಎಂಬ ಸುಖ. ಉದಾಹರಣೆಗೆ ಒಂದು ಲೆಕ್ಕ ನೋಡಿ. ಮನೆಯ ಬೆಲೆ 30 ಲಕ್ಷ. ಕೈಯಿಂದ 6 ಲಕ್ಷ, ಸಾಲ 24 ಲಕ್ಷ. ಶೇ. 9ರ ಬಡ್ಡಿ, 20 ವರ್ಷ ಎಂದರೆ ತಿಂಗಳ ಕಂತು ಸುಮಾರು 21,600 ರೂಪಾಯಿ. ಬಾಡಿಗೆ 9,000 ಬಂತು ಅಂದುಕೊಳ್ಳಿ. ವರ್ಷಕ್ಕೆ 1,08,000, ಅಂದರೆ ಮನೆಯ ಬೆಲೆಗೆ ಶೇ. 3.6. ಉಳಿದ 12,600 ಪ್ರತಿ ತಿಂಗಳು ನಮ್ಮ ಸಂಬಳದಿಂದ ಹೋಗಬೇಕು. ಕಂದಾಯ, ರಿಪೇರಿ, ಮನೆ ಖಾಲಿ ಇರುವ ತಿಂಗಳುಗಳು ಬೇರೆ. 'ಬಾಡಿಗೆಯೇ ಸಾಲ ತೀರಿಸುತ್ತೆ' ಎನ್ನುವ ಮಾತನ್ನು ಹೀಗೆ ಕಾಗದದ ಮೇಲೆ ಬರೆದು ನೋಡಿದ ಮೇಲೆಯೇ ನಂಬಬೇಕು.

ಈ ಕೊರತೆ ತುಂಬಲು ಕೆಲವರು ಮನೆಯನ್ನು ಭೋಗ್ಯಕ್ಕೆ ಕೊಡುತ್ತಾರೆ. ಐದಾರು ಲಕ್ಷ ಒಟ್ಟಿಗೆ ಕೈಗೆ ಬರುತ್ತದೆ. ಭೋಗ್ಯ ಎಂಬ ಪದದಲ್ಲಿ ಭೋಗವೇನೋ ಇದೆ, ಆದರೆ ಆ ಹಣ ನಮ್ಮ ಭೋಗಕ್ಕಲ್ಲ. ಅದು ಅವಧಿ ಮುಗಿದ ದಿನ ಪೂರ್ತಿ ಹಿಂದಿರುಗಿಸಬೇಕಾದ ಸಾಲ. ಅಡ್ವಾನ್ಸೂ ಅಷ್ಟೇ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡ ಎನ್ನುತ್ತದೆ. ರಾಜ್ಯಗಳು ಒಪ್ಪಿದರಷ್ಟೇ ಅದು ಜಾರಿ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆ ಕೇಳುವ ರೂಢಿ ಬಂದಿದೆ. ಬಿಡುವಾಗ 'ಪೇಂಟಿಂಗ್‌ಗೆ' ಎಂದು ಒಂದು ತಿಂಗಳದ್ದು ಹಿಡಿಯುತ್ತಾರೆ. ಬಾಡಿಗೆದಾರರ ಆ ಹಣವನ್ನು ಬ್ಯಾಂಕಿನಲ್ಲಿ ಬೇರೆಯೇ ಇಟ್ಟರೆ ಮಾತ್ರ ಅನಣ ಸುಖದ ಹತ್ತಿರ ಹೋಗಬಹುದು.

*ಅನವಜ್ಜ ಸುಖ.* ಕಾಯ, ವಾಚಾ, ಮನಸಾ ದೋಷವಿಲ್ಲದೆ ಬದುಕಿದ ಸುಖ. ಮೊದಲ ಮೂರೂ ಸೇರಿ ಇದರ ಹದಿನಾರನೆಯ ಒಂದು ಪಾಲಿಗೂ ಸಮವಲ್ಲ ಎಂಬುದು ಬುದ್ಧರ ಮಾತಿನ ಸಾರ.

ವರ್ಗವಾದಾಗಲೆಲ್ಲ ಬಾಡಿಗೆ ಮನೆ ಹುಡುಕಿದವಳು ನಾನು. ಒಂದು ಊರಿನಲ್ಲಿ ಕೆಲಸ, ಸಂಬಳ ಎಲ್ಲ ವಿಚಾರಿಸಿ ಒಪ್ಪಿದ ಮನೆಯವರು, ಕೊನೆಗೆ ಮೆಲ್ಲಗೆ, "ತಪ್ಪು ತಿಳ್ಕೋಬೇಡಿ ಮೇಡಂ, ನೀವು ಯಾವ ಜನ?" ಎಂದರು. ಮರುದಿನ ಮನೆ 'ನೆಂಟರಿಗೆ ಬೇಕಾಗಿತ್ತು'. ನಮ್ಮ ಬಳಗದಲ್ಲಿ ಎಷ್ಟೋ ಜನ ಇದನ್ನು ಅನುಭವಿಸಿದ್ದೀರಿ.

1917ರಲ್ಲಿ ಬಾಬಾಸಾಹೇಬರು ಬರೋಡಾದಲ್ಲಿ ಅನುಭವಿಸಿದ್ದೂ ಇದನ್ನೇ. ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಓದಿ ಸಂಸ್ಥಾನದ ಕೆಲಸಕ್ಕೆ ಬಂದವರಿಗೆ ತಂಗಲು ಜಾಗ ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿ ಪಾರ್ಸಿ ವಸತಿಗೃಹದಲ್ಲಿ ಉಳಿದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪು ಬಂದು ಸಂಜೆಯೊಳಗೆ ಖಾಲಿ ಮಾಡೆಂದಿತು. ಸ್ನೇಹಿತರ ಮನೆಯಲ್ಲೂ ಆಸರೆ ಸಿಗದೆ ಉದ್ಯಾನದಲ್ಲಿ ಕುಳಿತು, ರಾತ್ರಿ ರೈಲಿಗೆ ಬೊಂಬಾಯಿಗೆ ಹೊರಟರು. ಬಾಡಿಗೆ ಕೊಡಲು ಅವರಲ್ಲಿ ಹಣವಿತ್ತು.

ಕನ್ನಡದಲ್ಲಿ 'ಮನೆಒಕ್ಕಲು' ಎಂದರೆ ಗೃಹಪ್ರವೇಶ. 'ಒಕ್ಕಲೆಬ್ಬಿಸು' ಎಂದರೆ ಹೊರಹಾಕು. ಎರಡರಲ್ಲೂ ಇರುವುದು ಒಂದೇ ಒಕ್ಕಲು, ಒಂದು ಕುಟುಂಬ. ಬೀಗದ ಕೈ ನಮ್ಮ ಹತ್ತಿರ ಬಂದ ದಿನ ಆ ಎರಡೂ ಮಾತು ನಮ್ಮ ಕೈಗೆ ಬರುತ್ತವೆ. 'ಯಾವ ಜನ' ಎಂದು ಕೇಳಿಸಿಕೊಂಡು ನೊಂದವರೇ ಮಾಲೀಕರಾದ ಮೇಲೆ ಮುಸ್ಲಿಮರಿಗೆ ಬೇಡ, ಒಂಟಿ ಹೆಂಗಸಿಗೆ ಬೇಡ, ಪೌರಕಾರ್ಮಿಕರಿಗೆ ಬೇಡ ಎಂದರೆ, ಮನೆ ನಮ್ಮದಾಯಿತು ಅಷ್ಟೇ, ಧಮ್ಮ ನಮ್ಮದಾಗಲಿಲ್ಲ.

ಹಾಗಾಗಿ ಆ ಉಪಾಸಕರಿಗೆ ನನ್ನ ಉತ್ತರ: ಕೊಳ್ಳಿ. ನೆಲದ ಚರಿತ್ರೆ ನೋಡಿ, ಪೂರ್ತಿ ಬೆಲೆ ಬರೆಸಿ, ತಾಳುವಷ್ಟೇ ಸಾಲ ಮಾಡಿ. ಬಾಡಿಗೆ ಕೊಡುವ ಶಕ್ತಿ, ಮನೆ ಜೋಪಾನ ಮಾಡುವ ರೀತಿ ಇವೆರಡನ್ನು ವಿಚಾರಿಸಿ. ಮೂರನೆಯ ಪ್ರಶ್ನೆ ಕೇಳಬೇಡಿ.

*ಇಂದಿನ ಅಭ್ಯಾಸ:* ನಮ್ಮಲ್ಲಿ ಬಾಡಿಗೆ ಮನೆ ಇರುವವರು, ಈವರೆಗೆ ಅಲ್ಲಿ ಯಾರು ಯಾರು ಇದ್ದರು ಎಂದು ನೆನೆಯೋಣ. ಯಾರಿಗೆ ಇಲ್ಲ ಅಂದೆವು, ಏಕೆ ಅಂದೆವು ಎಂಬುದನ್ನೂ ನೆನೆಯೋಣ. ಐದು ನಿಮಿಷ ಅವರಿಗೆ ಮೈತ್ರಿ ಭಾವನೆ ಮಾಡೋಣ.

ಭವತು ಸಬ್ಬ ಮಂಗಲಂ. ಜೈ ಭೀಮ್.