ದಾರಿಯಲ್ಲಿ ಬಿದ್ದ ಚೀಲದ ಲೆಕ್ಕ

ಮೂವರು ವರ್ತಕರು ದಾರಿಯಲ್ಲಿ ಹಣದ ಚೀಲ ಬಿದ್ದಿದ್ದನ್ನು ಕಂಡರು. ಇದು ನನಗೆ ಸಿಕ್ಕರೆ ನಿಮ್ಮಿಬ್ಬರ ಹಣ ಕೂಡಿಸಿದರೆ ಎಷ್ಟೋ ಅದರ ಎರಡು ಪಟ್ಟು ನನ್ನದಾಗುತ್ತದೆ ಎಂದ ಮೊದಲನೆಯವ. ನನಗೆ ಸಿಕ್ಕರೆ ಮೂರು ಪಟ್ಟು ಎಂದ ಎರಡನೆಯವ. ಮೂರನೆಯವನದು ಐದು ಪಟ್ಟು. ಹಾಗಾದರೆ ಚೀಲದಲ್ಲೆಷ್ಟು, ಒಬ್ಬೊಬ್ಬರ ಕೈಯಲ್ಲೆಷ್ಟು?

ಇದು ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ದ ಲೆಕ್ಕ. ಕ್ರಿ.ಶ. 850ರ ಸುಮಾರಿನ ಸಂಸ್ಕೃತ ಗ್ರಂಥ. ಮೊದಲಿಗೆ ಜಿನವಂದನೆ, ಅದರ ಬೆನ್ನಿಗೇ ಅಮೋಘವರ್ಷ ನೃಪತುಂಗನ ಹೊಗಳಿಕೆ. ಆ ದೊರೆಯ ರಾಜಧಾನಿ ಮಾನ್ಯಖೇಟವೇ ಈಗಿನ ಮಳಖೇಡ, ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ದಂಡೆಯ ಊರು. ಅದೇ ತಾಲ್ಲೂಕಿನಲ್ಲಿ ಗಣಿತದ ಮಾಸ್ತರಿಕೆ ಮಾಡಿದವನು ನಾನು. ಹತ್ತನೆಯ ತರಗತಿಗೆ ರೇಖಾತ್ಮಕ ಸಮೀಕರಣ ಬಂದಾಗಲೆಲ್ಲ ಈ ಚೀಲವನ್ನು ಹಲಗೆಯ ಮೇಲೆ ಹಾಕುತ್ತಿದ್ದೆ. “ಇದು ಪರೀಕ್ಷ್ಯಾಗ ಬರ್ತದೇನ್ರಿ ಸರ?” ಎಂಬುದು ಮಕ್ಕಳ ಮೊದಲ ಪ್ರಶ್ನೆ. ಬರುವುದಿಲ್ಲ ಎಂದರೆ ಅರ್ಧ ತರಗತಿ ಪೆನ್ನು ಕೆಳಗಿಡುತ್ತಿತ್ತು.

ಉತ್ತರವೇನೋ ಸರಳ. ಕೈಯಲ್ಲಿ 1, 3, 5, ಚೀಲದಲ್ಲಿ 15. ತಾಳೆ ನೋಡಿ: 16 ಎಂಬುದು 8ರ ಎರಡು ಪಟ್ಟು, 18 ಎಂಬುದು 6ರ ಮೂರು ಪಟ್ಟು, 20 ಎಂಬುದು 4ರ ಐದು ಪಟ್ಟು. ಆದರೆ 2, 6, 10 ಮತ್ತು 30 ಇಟ್ಟರೂ ಸರಿಯೇ. ಸಾವಿರದಿಂದ ಗುಣಿಸಿದರೂ ಸರಿಯೇ. ಅವ್ಯಕ್ತಗಳು ನಾಲ್ಕು, ಹೇಳಿಕೆಗಳು ಮೂರೇ. ಮೂವರೂ ತಮ್ಮ ತಮ್ಮ ಸಿರಿವಂತಿಕೆಯನ್ನು ಇಷ್ಟು ಕೊಚ್ಚಿಕೊಂಡ ಮೇಲೂ ಅವರ ಹತ್ತಿರ ಮೂರು ಕಾಸಿದೆಯೋ ಮೂರು ಸಾವಿರವಿದೆಯೋ ನಮಗೆ ತಿಳಿಯುವುದಿಲ್ಲ. ನಿನಗಿಂತ ನನಗೆಷ್ಟು ಎಂಬ ಮಾತನ್ನು ಎಷ್ಟು ಸಲ ಕೂಡಿಸಿ ಕಳೆದರೂ ಅದರಿಂದ ಹೊರಡುವುದು ಅನುಪಾತ ಮಾತ್ರ.

ನಾಲ್ಕನೆಯ ಹೇಳಿಕೆ ಯಾರ ಬಳಿ ಇದೆ? ಚೀಲ ಕಳೆದುಕೊಂಡವನ ಬಳಿ. “ಅದರಲ್ಲಿ ಮೂವತ್ತಿತ್ತಪ್ಪಾ” ಎಂದು ಅವನು ಬಂದು ಹೇಳಿದ ಕ್ಷಣ ಲೆಕ್ಕ ಬಗೆಹರಿಯುತ್ತದೆ. ಅವನೇ ಲೆಕ್ಕದಲ್ಲಿಲ್ಲ. ಜಿನನಿಗೆ ಕೈಮುಗಿದು ಶುರುವಾದ ಪುಸ್ತಕದಲ್ಲಿ ಈ ಗೈರುಹಾಜರಿ ನನ್ನನ್ನು ಕಾಡಿದೆ. ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ವು ಗೃಹಸ್ಥನ ಅಚೌರ್ಯ ವ್ರತವನ್ನು ವಿವರಿಸುವಾಗ ಇಟ್ಟದ್ದು, ಬಿದ್ದದ್ದು, ಮರೆತದ್ದು ಯಾವುದನ್ನೂ ಒಡೆಯ ಕೊಡದೆ ತೆಗೆದುಕೊಳ್ಳಬಾರದು ಎನ್ನುತ್ತದೆ. ದಾರಿಯಲ್ಲಿ ಬಿದ್ದ ಚೀಲಕ್ಕೆ ಇದಕ್ಕಿಂತ ನೇರವಾದ ವಿಧಿ ಬೇಕೆ?

ವರ್ತಕರ ಪರವಾಗಿ ಒಂದು ವಾದವಿದೆ. ಅವರು ‘ಸಿಕ್ಕರೆ’ ಎಂದರೇ ಹೊರತು ಯಾರೂ ಬಗ್ಗಿ ಎತ್ತಿಕೊಳ್ಳಲಿಲ್ಲ. ಪೊಲೀಸರು ಈ ವಾದವನ್ನು ಒಪ್ಪಿಯಾರು, ಉಮಾಸ್ವಾತಿ ಒಪ್ಪುವುದಿಲ್ಲ. ಅವರ ‘ತತ್ತ್ವಾರ್ಥಸೂತ್ರ’ದ ಪ್ರಕಾರ ಪರಿಗ್ರಹ, ಅಂದರೆ ಒಡೆತನ, ಇರುವುದು ವಸ್ತುವಿನಲ್ಲಲ್ಲ, ಅದಕ್ಕೆ ಅಂಟಿದ ಮೂರ್ಛೆಯಲ್ಲಿ, ಅಂದರೆ ಮೋಹದಲ್ಲಿ. ಹಾಗಾಗಿ ಚೀಲ ನೆಲ ಬಿಡುವ ಮೊದಲೇ, ಎರಡು ಪಟ್ಟು ಎಂದಾಗಲೇ, ಕೆಲಸ ಕೆಟ್ಟಿತು. ಇದನ್ನೆಲ್ಲ ಯೋಚಿಸಿಯೇ ಆಚಾರ್ಯರು ಲೆಕ್ಕ ಬರೆದರೆಂದು ನಾನು ವಾದಿಸುವುದಿಲ್ಲ. ಬುದ್ಧಿಗೆ ಸಾಣೆ ಹಿಡಿಯಲು ಆಸೆಬುರುಕರೂ ಒದಗುತ್ತಾರೆ ಎಂದಷ್ಟೇ ಅವರಿಗೆ ಅನಿಸಿದ್ದೀತು.

ಗೃಹಸ್ಥನಿಗೆ ಹೇಳಿದ ಇನ್ನೊಂದು ವ್ರತ ಪರಿಗ್ರಹ ಪರಿಮಾಣ. ಹೊಲ ಇಷ್ಟು, ಬಂಗಾರ ಇಷ್ಟು, ಧಾನ್ಯ ಇಷ್ಟು, ಇದಕ್ಕೆ ಮೀರಿದ್ದು ನನಗೆ ಬೇಡ ಎಂದು ತಾನೇ ಗೆರೆ ಎಳೆದುಕೊಳ್ಳುವುದು. ಗಣಿತದ ಮಾಸ್ತರನ ಕಣ್ಣಿಗೆ ಇದು ಶುದ್ಧ ಅಸಮತೆ. ಇದರಲ್ಲಿ ಪಕ್ಕದ ಮನೆಯವನ ಚರಾಕ್ಷರವೇ ಇಲ್ಲ. ವರ್ತಕರ ಒಂದೊಂದು ಸಮೀಕರಣದಲ್ಲೂ ಉಳಿದಿಬ್ಬರ ಜೇಬು ಬಂದು ಕೂತಿರುತ್ತದೆ. ಅಸಮತೆಯಲ್ಲಿ ಮೋಸಕ್ಕೂ ಜಾಗವಿದೆ, ಹೇಳಿಬಿಡಬೇಕು: ಜೀವಮಾನದಲ್ಲಿ ಗಳಿಸಲಾಗದ ಮೊತ್ತವನ್ನು ಮಿತಿಯೆಂದಿಟ್ಟುಕೊಂಡವನ ವ್ರತ ಎಂದೂ ಮುರಿಯುವುದಿಲ್ಲ. ಮಿತಿ 40 ಎಂದಿಟ್ಟುಕೊಳ್ಳಿ. ಚೀಲದಲ್ಲಿ 30 ಇದ್ದು ಯಾರೇ ಒಬ್ಬರು ಎತ್ತಿಕೊಂಡರೂ ಅವರ ಹಣ 32, 36 ಅಥವಾ 40. ಒಬ್ಬರೂ ಗೆರೆ ದಾಟಲಿಲ್ಲ. ಆದರೂ ಚೀಲ ಅವರದಲ್ಲ. ಎರಡು ವ್ರತಗಳೂ ಏಕಕಾಲಕ್ಕೆ ನಿಲ್ಲಬೇಕು. ಒಂದರ ಪಾಲನೆ ಇನ್ನೊಂದಕ್ಕೆ ಜಾಮೀನಾಗದು.

ಅಚೌರ್ಯವನ್ನೂ ಲೆಕ್ಕದೊಳಕ್ಕೆ ತಂದು, ಚೀಲದಿಂದ ಪಡೆಯುವುದು ಸೊನ್ನೆ ಎಂದಿಟ್ಟು, ವರ್ತಕರ ಮಾತುಗಳನ್ನು ಮಾತ್ರ ಹಾಗೇ ಉಳಿಸಿ ನೋಡಿದೆ. ಆಗ ಮೊದಲನೆಯವನ ಹಣ ಎರಡನೆಯವನ ಎರಡು ಪಟ್ಟಿಗೆ ಕಡಿಮೆಯಿರಬಾರದು, ಎರಡನೆಯವನದು ಮೊದಲನೆಯವನ ಮೂರು ಪಟ್ಟಿಗೆ ಕಡಿಮೆಯಿರಬಾರದು. ಅಂದರೆ ಮೊದಲನೆಯವನ ಹಣ ತನ್ನದೇ ಆರು ಪಟ್ಟಿಗೆ ಕಡಿಮೆಯಿರಬಾರದು. ಸಾಲವಿಲ್ಲದವನಿಗೆ ಇದು ಸಾಧ್ಯವಾಗುವುದು ಕೈಯಲ್ಲಿ ಏನೂ ಇಲ್ಲದಿದ್ದಾಗ ಮಾತ್ರ. ಅವನದು ಸೊನ್ನೆಯಾದರೆ ಉಳಿದಿಬ್ಬರದೂ ಸೊನ್ನೆಯೇ. ಮಾಡುವ ಲೆಕ್ಕಕ್ಕೆ ಇದು ನೀರಸ ಉತ್ತರ. ಆದರೆ ಬಸದಿಯಲ್ಲಿ ಕೂತು ನೋಡಿದರೆ ಅದು ನಿರ್ಗ್ರಂಥ ಮುನಿಯ ಆಸ್ತಿಪಟ್ಟಿ. ಬರಗಾಲಕ್ಕೆ ಸಿಕ್ಕಿ ಮನೆ ಮಾರಿದ ರೈತನದೂ ಅದೇ ಪಟ್ಟಿ. ಇಬ್ಬರ ನಡುವಿನ ಅಂತರ ಹಿಡಿಯಲು ಬೇಕಾದ ಚರಾಕ್ಷರ ನನ್ನ ಹಲಗೆಯ ಮೇಲಿರಲಿಲ್ಲ, ಉಮಾಸ್ವಾತಿಯ ಸೂತ್ರದಲ್ಲಿದೆ.